ಹತ್ತು ಮಂದಿ, ಒಂದು ಗ್ರಂಥ

ನಮ್ಮ ತುಮಕೂರಿನ ಕಡೆ ಯೆಹೂದ್ಯರೆಂದರೆ ಯಾರೆಂದು ವಿಚಾರಿಸಿದರೆ ದೊರಕುವ ಉತ್ತರಗಳು ಬಹುಮಟ್ಟಿಗೆ ಎರಡೇ. ಕಾಲೇಜಿನಲ್ಲಿ ಷೇಕ್ಸ್‌ಪಿಯರನ ‘ವೆನಿಸ್ಸಿನ ವ್ಯಾಪಾರಿ’ಯನ್ನು ಪಠ್ಯವಾಗಿ ಓದಿದವರು ಶೈಲಾಕನನ್ನು ನೆನೆಯುತ್ತಾರೆ, ಚರ್ಚಿಗೆ ಹೋಗುವ ನೆರೆಹೊರೆಯವರು, ಯೇಸುಸ್ವಾಮಿಯು ನಜರೇತಿನ ಸಭಾಮಂದಿರದಲ್ಲಿ ಎದ್ದು ನಿಂತು ಯೆಶಾಯನ ಗ್ರಂಥದ ಸುರುಳಿಯನ್ನು ಬಿಚ್ಚಿ ಓದಿದ ಪ್ರಸಂಗವನ್ನು ಹೇಳುತ್ತಾರೆ. ಕವಿಕಲ್ಪಿತನಾದ ಒಬ್ಬ ಬಡ್ಡಿವ್ಯಾಪಾರಿಯು ಒಂದು ಜನಾಂಗದ ಮುಖವನ್ನೇ ಮರೆಮಾಡಿಬಿಟ್ಟುದು ಆ ನಾಟಕದ ದೋಷವೋ ನಮ್ಮ ವಿದ್ಯಾಭ್ಯಾಸದ ದೋಷವೋ ಎಂಬ ಚರ್ಚೆ ಇಲ್ಲಿ ಬೇಡ. ಎರಡನೆಯ ಉತ್ತರದಲ್ಲಿಯಾದರೋ ಆ ಜನರ ಬಾಳಿನ ತಿರುಳು ಅಡಗಿದೆ: ಒಂದು ಊರು, ಆ ಊರವರು ಕೂಡುವ ಒಂದು ಮನೆ, ಆ ಮನೆಯಲ್ಲಿ ಒಂದು ಗ್ರಂಥ, ಆ ಗ್ರಂಥವನ್ನು ಹತ್ತು ಜನರ ಮುಂದೆ ಓದಬಲ್ಲ ಒಬ್ಬ ಸಾಮಾನ್ಯ ಮನುಷ್ಯ. ಮರಳೂರಿನಿಂದ ಅತ್ತ ಗುಬ್ಬಿಯವರೆಗೆ, ಇತ್ತ ಕುಣಿಗಲ್ಲಿನವರೆಗೆ ಎಲ್ಲಿ ಅರಸಿದರೂ ಅಂಥ ಮನೆಯೊಂದು ಕಾಣಸಿಗುವುದಿಲ್ಲವಾದರೂ, ಕನ್ನಡನಾಡಿಗೂ ಯೆಹೂದ್ಯರ ಸಭಾಮಂದಿರಗಳಿಗೂ ಸಂಬಂಧವೇ ಇಲ್ಲವೆಂದು ಹೇಳುವಂತಿಲ್ಲ. ಆ ಸಂಬಂಧದ ಎಳೆಗಳಲ್ಲಿ ಒಂದು ಮಂಗಳೂರಿನಿಂದ ಈಜಿಪ್ಟಿಗೆ ಹೋಗಿದೆ. ಇನ್ನೊಂದು ಟಿಪ್ಪು ಸುಲ್ತಾನನ ಸೆರೆಯಿಂದ ಮುಂಬಯಿಗೆ.

ಸಭಾಮಂದಿರವನ್ನು ದೇವಸ್ಥಾನವೆಂದು ಭಾವಿಸಿ ಹೊರಟರೆ ಅದರ ಸ್ವರೂಪವೇ ತಪ್ಪಿಹೋಗುತ್ತದೆ. ಯೆಹೂದ್ಯರಿಗೆ ದೇವಾಲಯವೆಂಬುದು ಒಂದೇ. ಜೆರುಸಲೇಮಿನಲ್ಲಿದ್ದ ಅದನ್ನು ಕ್ರಿ.ಶ. 70ರಲ್ಲಿ ರೋಮನರ ಸೈನ್ಯ ಸುಟ್ಟು ಕೆಡವಿತು. ಬಲಿಪೀಠವೂ ಅಲ್ಲಿ ನಡೆಯುತ್ತಿದ್ದ ಯಜ್ಞಗಳೂ ಪುರೋಹಿತವರ್ಗದ ಅಧಿಕಾರವೂ ಅದರೊಡನೆ ಅಸ್ತಮಿಸಿದ ಮೇಲೆ, ದೇಶದೇಶಗಳಿಗೆ ಚೆದರಿದ ಆ ಜನಕ್ಕೆ ಉಳಿದದ್ದು ಪ್ರಾರ್ಥನೆ ಮತ್ತು ಅಧ್ಯಯನ. ಇವೆರಡಕ್ಕೂ ಆಶ್ರಯವಾಗಿ ಬೆಳೆದದ್ದು ಸಭಾಮಂದಿರ. ಅಲ್ಲಿ ವಿಗ್ರಹವಿಲ್ಲ, ನೈವೇದ್ಯವಿಲ್ಲ, ಗರ್ಭಗುಡಿಯಿಲ್ಲ. ಹದಿಮೂರು ವರ್ಷ ತುಂಬಿದ ಗಂಡಸರು ಹತ್ತು ಮಂದಿ ಸೇರಿದರೆ ಸಾಮೂಹಿಕ ಪ್ರಾರ್ಥನೆ ನಡೆಯಬಹುದು. ಒಂಬತ್ತು ಮಂದಿ ಮಹಾಪಂಡಿತರೇ ಕೂಡಿದ್ದರೂ ಹತ್ತನೆಯವನು ಬಂದು ಕೂರುವ ತನಕ ಅವರು ಕಾಯಬೇಕು, ಹತ್ತೂ ಮಂದಿ ಪಾಮರರೇ ಆದರೆ ಅದಕ್ಕೇನೂ ಬಾಧಕವಿಲ್ಲ. (ಈಚಿನ ಕೆಲವು ಪಂಥಗಳವರು ಹೆಂಗಸರನ್ನೂ ಈ ಎಣಿಕೆಗೆ ಸೇರಿಸಿಕೊಂಡಿದ್ದಾರೆ.) ‘ರಬ್ಬಿ’ ಎನಿಸಿಕೊಂಡವನು ಅರ್ಚಕನಲ್ಲ, ಶಾಸ್ತ್ರವನ್ನು ಕಲಿತು, ಕಲಿಸಿ, ಕೇಳಿದವರಿಗೆ ನಿರ್ಣಯ ಹೇಳುವ ಗುರು. ಪ್ರತಿದಿನ ಮೂರು ಹೊತ್ತಿನ ಪ್ರಾರ್ಥನೆ, ಮಕ್ಕಳಿಗೆ ಅಕ್ಷರಾಭ್ಯಾಸ, ದೊಡ್ಡವರಿಗೆ ಶಾಸ್ತ್ರಪಾಠ, ಬಡಬಗ್ಗರಿಗಾಗಿ ಸಂಗ್ರಹಿಸಿದ ನಿಧಿ, ದಾರಿಹೋಕನಿಗೆ ಊಟ, ವ್ಯಾಜ್ಯಗಳ ತೀರ್ಮಾನ, ಹಬ್ಬದ ಸಹಭೋಜನ, ಇವೆಲ್ಲಕ್ಕೂ ಅದೇ ಮನೆ. ಸಿದ್ಧಗಂಗೆಯ ಮಠದಲ್ಲಿ ಪ್ರಾರ್ಥನೆ, ಪಾಠ, ಪಂಕ್ತಿಭೋಜನಗಳು ಒಂದೇ ಆವರಣದಲ್ಲಿ ಒಂದನ್ನೊಂದು ಪೋಷಿಸುತ್ತಿರುವುದನ್ನು ಕಣ್ಣಾರೆ ಕಂಡಿರುವ ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಭೇದವಿರುವುದು ಒಂದೇ ಕಡೆ: ಮಠಕ್ಕೆ ಪೀಠವೂ ಪೀಠಾಧಿಪತಿಯೂ ಬೇಕು, ಇದಕ್ಕೆ ಹತ್ತು ಮಂದಿ ಸಾಕು.

ಹತ್ತು ಮಂದಿಯ ಜತೆಗೆ ಗ್ರಂಥವೂ ಬೇಕಲ್ಲವೆ. ಮಂದಿರದೊಳಗೆ ಜೆರುಸಲೇಮಿನ ದಿಕ್ಕಿಗಿರುವ ಗೋಡೆಯಲ್ಲಿ, ಎಂದರೆ ನಮ್ಮ ದೇಶದಲ್ಲಿ ಪಶ್ಚಿಮದ ಗೋಡೆಯಲ್ಲಿ, ತೆರೆ ಇಳಿಬಿಟ್ಟ ಒಂದು ಸಂಪುಟವಿರುತ್ತದೆ. ಅದರ ಮುಂದೆ ಸದಾ ಉರಿಯುವ ದೀಪ. ಒಳಗೆ, ಮೋಶೆಯ ಐದು ಪುಸ್ತಕಗಳನ್ನು ಚರ್ಮದ ಹಾಳೆಗಳ ಮೇಲೆ ಬರೆದು ಹೊಲಿದು ಎರಡು ಮರದ ದಂಡಗಳಿಗೆ ಸುತ್ತಿರಿಸಿದ ತೋರಾ ಎಂಬ ಸುರುಳಿ. ಅದನ್ನು ಅಚ್ಚು ಹಾಕುವಂತಿಲ್ಲ. ನುರಿತ ಲಿಪಿಕಾರನು, ಸಂಪ್ರದಾಯದ ಲೆಕ್ಕದಂತೆ 3,04,805 ಅಕ್ಷರಗಳನ್ನು, ಮೂಲಪ್ರತಿಯನ್ನು ಕಣ್ಮುಂದಿಟ್ಟುಕೊಂಡು ಕೈಯಾರೆ ಬರೆದು ಮುಗಿಸಬೇಕು. ಬರೆದ ಮೇಲೆ ಒಂದಕ್ಷರ ಅಳಿಸಿಹೋದರೂ, ತಿದ್ದುವವರೆಗೆ ಆ ಸುರುಳಿ ಸಭೆಯ ಓದಿಗೆ ಅನರ್ಹ. ಅದರಲ್ಲಿರುವುದು ವ್ಯಂಜನಗಳು ಮಾತ್ರ. ಸ್ವರಚಿಹ್ನೆಯಾಗಲಿ, ವಿರಾಮವಾಗಲಿ, ರಾಗದ ಸೂಚನೆಯಾಗಲಿ ಇಲ್ಲ. ಆದಕಾರಣ ಓದಲು ಎದ್ದು ಬರುವವನು ಆ ಭಾಗವನ್ನು ಮನೆಯಲ್ಲಿ ಮತ್ತೆ ಮತ್ತೆ ಹಾಡಿಕೊಂಡು ಮನನಮಾಡಿಕೊಂಡು ಬಂದಿರಲೇಬೇಕು; ಪುಸ್ತಕ ಎದುರಿಗಿದ್ದೂ ಕಂಠಪಾಠ ತಪ್ಪದು. ಬೆರಳಿನಿಂದ ಮುಟ್ಟದೆ, ತುದಿಯಲ್ಲಿ ಪುಟ್ಟ ಹಸ್ತವಿರುವ ಬೆಳ್ಳಿಯ ಕಡ್ಡಿಯಿಂದ ಸಾಲನ್ನು ತೋರಿಸುತ್ತ ಓದುವಾಗ, ಉಚ್ಚಾರ ತಪ್ಪಿದರೆ ಸುತ್ತಲಿನವರು ಒಡನೆಯೇ ತಿದ್ದುತ್ತಾರೆ. ಈ ತಿದ್ದುಪಾಟಿಗೆ ಯಾರೂ ಅವಮಾನಪಟ್ಟುಕೊಳ್ಳುವುದಿಲ್ಲ; ಅದು ಓದಿನ ಒಂದು ಅಂಗ.

ಐದು ಪುಸ್ತಕಗಳನ್ನು 54 ಭಾಗಗಳನ್ನಾಗಿ ವಿಂಗಡಿಸಿ, ಶನಿವಾರ ಶನಿವಾರಕ್ಕೆ ಓದುತ್ತ ಬಂದು, ವರ್ಷಾಂತ್ಯದಲ್ಲಿ ಕೊನೆಯ ಅಧ್ಯಾಯ ಮುಗಿದ ದಿನವೇ ಮೊದಲನೆಯ ಅಧ್ಯಾಯವನ್ನು ಆರಂಭಿಸುತ್ತಾರೆ. ಆ ದಿನ ಸುರುಳಿಗಳನ್ನು ಎದೆಗೊತ್ತಿಕೊಂಡು ಮುದುಕರೂ ಕುಣಿಯುವುದುಂಟು. ಸೋಮವಾರ ಮತ್ತು ಗುರುವಾರಗಳಲ್ಲಿಯೂ ಕಿರಿದಾದ ಒಂದು ಪಾರಾಯಣವಿದೆ. ಪ್ರಾಚೀನ ಕಾಲದಲ್ಲಿ ಹಳ್ಳಿಗರು ಸಂತೆಗೆಂದು ಪಟ್ಟಣಕ್ಕೆ ಬರುತ್ತಿದ್ದ ದಿನಗಳು ಅವು. ಎಮ್ಮೆ ಮಾರಲು ಬಂದವನನ್ನೂ ನಾಲ್ಕು ಸಾಲು ಕೇಳಿಸದೆ ಕಳುಹಿಸಬಾರದೆಂದು ಎಣಿಸಿದ ಆ ಹಿರಿಯರ ಉಪಾಯವನ್ನು ನಾನಂತೂ ಬಹುವಾಗಿ ಮೆಚ್ಚುತ್ತೇನೆ. ತೋರಾದ ಮೇಲೆ ಬೆಳೆದ ತಾಲ್ಮೂದ್ ಎಂಬ ಚರ್ಚಾಸಂಗ್ರಹದ ಅಧ್ಯಯನವೂ ಏಕಾಂತದ್ದಲ್ಲ: ಇಬ್ಬರು ಇಬ್ಬರಾಗಿ ಎದುರುಬದುರು ಕುಳಿತು, ಗಟ್ಟಿಯಾಗಿ ಓದಿ, ಒಬ್ಬ ಆಡಿದುದನ್ನು ಇನ್ನೊಬ್ಬ ಪ್ರಶ್ನಿಸಿ, ವಾದಿಸಿಯೇ ಮುಂದೆ ಸಾಗಬೇಕು. ಪುಟದ ನಡುವೆ ಮೂಲ, ಸುತ್ತ ವ್ಯಾಖ್ಯಾನಗಳು. ಹಿಲ್ಲೇಲ್, ಶಮ್ಮಾಯಿ ಎಂಬ ಪ್ರಾಚೀನ ಗುರುಗಳಿಬ್ಬರ ವಾದಗಳಲ್ಲಿ ಹಿಲ್ಲೇಲನ ಪಕ್ಷ ಗೆದ್ದ ಕಡೆಗಳಲ್ಲಿಯೂ ಸೋತ ಶಮ್ಮಾಯಿಯ ಪಕ್ಷದ ಮಾತನ್ನು ಅಳಿಸದೆ ಕಾಪಾಡಿಕೊಂಡು ಬಂದಿದ್ದಾರೆ. ಅಂಥ ಸಭೆಯಲ್ಲಿ ಗದ್ದಲ ಸ್ವಾಭಾವಿಕ. ನಮ್ಮ ಪಾಠಶಾಲೆಗಳ ನಿಶ್ಶಬ್ದಕ್ಕೆ ಒಗ್ಗಿದವರು ಅದನ್ನು ಅಶಿಸ್ತೆಂದು ಭಾವಿಸಿಯಾರು.

ದೇವರ ನಾಮವಿರುವ ಬರಹವನ್ನು ನಾಶಮಾಡಬಾರದೆಂಬುದು ಆ ಧರ್ಮದ ಒಂದು ವಿಧಿ. ಜೀರ್ಣವಾದ ಪ್ರತಿಗಳನ್ನು ‘ಗೆನಿಜಾ’ ಎಂಬ ಕೋಣೆಯಲ್ಲಿ ಕೂಡಿಹಾಕಿ, ಕ್ರಮೇಣ ನೆಲದಲ್ಲಿ ಹೂಳುವುದು ರೂಢಿ. ಹಳೆಯ ಕೈರೋವಿನ ಫುಸ್ತಾತಿನಲ್ಲಿರುವ ಬೆನ್ ಎಜ್ರಾ ಸಭಾಮಂದಿರದವರಾದರೋ, ಶತಮಾನಗಳುದ್ದಕ್ಕೂ ಹೀಬ್ರೂ ಅಕ್ಷರದ ಕಾಗದವೆಲ್ಲವನ್ನೂ, ಅದು ಸ್ತೋತ್ರವಾಗಲಿ ಸಾಲಪತ್ರವಾಗಲಿ, ಆ ಕೋಣೆಗೆ ಎಸೆಯುತ್ತ ಹೂಳುವುದನ್ನು ಮರೆತುಬಿಟ್ಟರು. 1896ರಲ್ಲಿ ಸ್ಕಾಟ್ಲೆಂಡಿನ ಅವಳಿ ಸೋದರಿಯರಾದ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ನರು ತಂದ ಒಂದು ಹಾಳೆಯನ್ನು ಕಂಡು ಅದರ ಬೆಲೆಯನ್ನು ಅರಿತ ಸಾಲೊಮನ್ ಶೆಕ್ಟರ್ ಎಂಬ ಕೇಂಬ್ರಿಜ್ಜಿನ ವಿದ್ವಾಂಸನು ಕೈರೋವಿಗೆ ಹೋಗಿ, ಧೂಳಿನಲ್ಲಿ ಕುಳಿತು ಆರಿಸಿ, ಸುಮಾರು 1,93,000 ತುಣುಕುಗಳನ್ನು ಕೇಂಬ್ರಿಜ್ಜಿಗೆ ತಂದನು. ಆ ರಾಶಿಯಲ್ಲಿ ಮತ್ತು ಅಲ್ಲಿಂದ ಇತರ ಗ್ರಂಥಾಲಯಗಳಿಗೆ ಹಂಚಿಹೋದ ಪತ್ರಗಳಲ್ಲಿ ನಮ್ಮ ಮಂಗಳೂರು ಇತ್ತು.

ಆ ಪತ್ರಗಳ ಒಡೆಯನಾದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜು ಟ್ಯುನೀಸಿಯದ ಮಹ್ದಿಯಾ ಎಂಬ ರೇವುಪಟ್ಟಣದವನು. ಏಡನ್ನಿಗೆ ಬಂದು, ಅಲ್ಲಿನ ಯೆಹೂದ್ಯ ವರ್ತಕರ ಮುಖ್ಯಸ್ಥನಾದ ಮದ್ಮೂನನ ಆಶ್ರಯ ಪಡೆದು, ಆಳುಪರು ಆಳುತ್ತಿದ್ದ ಮಂಗಳೂರಿಗೆ ಬಂದು ನೆಲೆಸಿದನು. 1132ನೆಯ ಇಸವಿ ಅಕ್ಟೋಬರ್ 17ರಂದು ಆತನು ಆಶು ಎಂಬ ದಾಸಿಯನ್ನು ಬಿಡುಗಡೆಮಾಡಿದುದಕ್ಕೆ ಪತ್ರವಿದೆ. ಅವಳೇ ಆತನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರು ಗ್ರಹಿಸಿದ್ದಾರೆ. ಮಂಗಳೂರಿನಲ್ಲಿ ಆತನಿಗೆ ಕಂಚಿನ ಕಾರ್ಖಾನೆಯಿತ್ತು. ಏಡನ್ನಿನಿಂದ ಒಡೆದ ಪಾತ್ರೆ ಬರುತ್ತಿತ್ತು, ಇಲ್ಲಿನ ಕಂಚುಗಾರರು ಅದನ್ನು ಕರಗಿಸಿ ಹೊಸ ಪಾತ್ರೆ, ದೀಪಗಳನ್ನು ಮಾಡಿ ಕೊಡುತ್ತಿದ್ದರು. ಮೆಣಸು, ಏಲಕ್ಕಿ, ಕಬ್ಬಿಣ ಹಡಗೇರುತ್ತಿದ್ದವು. ಅಡಕೆಯೂ ಹೋಗುತ್ತಿತ್ತೆಂದು ಕೇಳಿದರೆ ಗುಬ್ಬಿಯ ತೋಟದವರು ಕಿವಿ ನಿಮಿರಿಸಬಹುದು. ಆತನ ಪರವಾಗಿ ಸಮುದ್ರ ದಾಟಿ ಲೇವಾದೇವಿ ನೋಡಿಕೊಳ್ಳುತ್ತಿದ್ದ ಸೇವಕನ ಹೆಸರು ಬೊಮ್ಮ. 1148ರಲ್ಲಿ ಏಡನ್ನಿನ ಖಲಾಫ್ ಇಬ್ನ್ ಇಸ್ಹಾಕ್ ಎಂಬ ವರ್ತಕನು ಬರೆದ ಓಲೆಯಲ್ಲಿ, ಯಜಮಾನನಿಗೆ ಕುಶಲ ಬರೆದಾದ ಮೇಲೆ, ಈ ಬೊಮ್ಮನಿಗೂ ಅನೇಕ ವಂದನೆಗಳನ್ನು ತಿಳಿಸಿದ್ದಾನೆ. ಇದನ್ನೇ ಎಳೆಯಾಗಿ ಹಿಡಿದು ಅಮಿತಾವ್ ಘೋಷರು 1992ರಲ್ಲಿ ‘ಇನ್ ಆ್ಯನ್ ಆ್ಯಂಟೀಕ್ ಲ್ಯಾಂಡ್’ ಎಂಬ ಪುಸ್ತಕವನ್ನು ರಚಿಸಿದರು; ಬೊಮ್ಮನ ಮೂಲವನ್ನು ತುಳುನಾಡಿನಲ್ಲಿ ಶೋಧಿಸುವಾಗ ಅವರು ನೆರವು ಪಡೆದದ್ದು ಪ್ರೊ. ಬಿ.ಎ. ವಿವೇಕ ರೈ ಅವರಿಂದ.

ನನ್ನ ಮನಸ್ಸು ಹೆಚ್ಚಾಗಿ ನಿಲ್ಲುವುದು ಮಾತ್ರ ಆ ವ್ಯಾಪಾರದ ಮೇಲಲ್ಲ, ವ್ಯಾಪಾರಿಯ ಕಾಗದದ ಮೇಲೆ. ಈ ತೀರದಲ್ಲಿ ಆಗ ಕಾಗದ ದುರ್ಲಭವಾಗಿದ್ದುದರಿಂದ ಏಡನ್ನಿನ ಮಿತ್ರರು ಸಕ್ಕರೆ, ಒಣದ್ರಾಕ್ಷಿಗಳೊಡನೆ ಬರೆಯುವ ಹಾಳೆಗಳನ್ನೂ ಕಳುಹಿಸಿಕೊಡುತ್ತಿದ್ದರು. ಬೆನ್ ಯಿಜು ಬಂದ ಓಲೆಯ ಬೆನ್ನಮೇಲೆಯೂ ಅಂಚಿನಲ್ಲಿಯೂ ಲೆಕ್ಕವನ್ನು ಬರೆದ, ತನ್ನ ಪೋಷಕನ ಸ್ತುತಿಯಾಗಿ ಹೀಬ್ರೂ ಪದ್ಯದ ಕರಡನ್ನು ಬರೆದ, ಶಾಸ್ತ್ರನಿರ್ಣಯಗಳನ್ನು ನಕಲು ಮಾಡಿಕೊಂಡ. ಹತ್ತಿರದಲ್ಲಿ ಗುರುಪೀಠವಿಲ್ಲದ ಊರಿನಲ್ಲಿ ಹದಿನೇಳು ವರ್ಷಗಳ ಮೇಲ್ಪಟ್ಟು ಬಾಳಿದ ಒಬ್ಬ ವರ್ತಕನು, ಮೆಣಸಿನ ಮೂಟೆಗಳ ನಡುವೆ ತನ್ನ ಪಾಠಶಾಲೆಯನ್ನು ತಾನೇ ನಡೆಸಿಕೊಂಡನೆಂಬುದು ಸಾಮಾನ್ಯ ಸಂಗತಿಯಲ್ಲ. 1149ರಲ್ಲಿ ಏಡನ್ನಿಗೆ ಹಿಂದಿರುಗಿ, ಮುಂದೆ ಈಜಿಪ್ಟನ್ನು ಸೇರಿದಾಗ ಈ ಕಾಗದಗಳನ್ನೆಲ್ಲ ಜತೆಯಲ್ಲಿ ಒಯ್ದನು. 1156ರಲ್ಲಿ ಆತನ ಮಗಳು ಸಿತ್ತ್ ಅಲ್-ದಾರ್ ಫುಸ್ತಾತಿನಲ್ಲಿ ಚಿಕ್ಕಪ್ಪ ಯೋಸೇಫನ ಮಗ ಪೆರಾಹ್ಯನನ್ನು ವಿವಾಹವಾದಳು. ಕಾಗದಗಳು ಬೆನ್ ಎಜ್ರಾದ ಕೋಣೆಯನ್ನು ಸೇರಿದವು. ಅವುಗಳನ್ನು ಜೀವಮಾನವೆಲ್ಲ ಜೋಡಿಸಿದ ಎಸ್.ಡಿ. ಗೊಯಿಟೈನರು 1985ರಲ್ಲಿ ತೀರಿಕೊಂಡ ತರುವಾಯ, ಮೊರ್ದೆಖಾಯ್ ಫ್ರೀಡ್‌ಮನ್ನರು ಆ ಕಾರ್ಯವನ್ನು ಮುಂದುವರಿಸಿ 2008ರಲ್ಲಿ ಭಾರತದ ವ್ಯಾಪಾರಿಗಳ ಪತ್ರಸಂಪುಟವನ್ನು ಪ್ರಕಟಿಸಿದರು. ತುಳುನಾಡಿನ ಹನ್ನೆರಡನೆಯ ಶತಮಾನದ ನಿತ್ಯಜೀವನದ ಬಗ್ಗೆ ಶಾಸನಗಳು ಹೇಳದ ಎಷ್ಟೋ ಮಾತುಗಳು ಅದರಲ್ಲಿವೆ. ನಮ್ಮ ವಿಶ್ವವಿದ್ಯಾನಿಲಯಗಳವರು ಅದನ್ನು ಕನ್ನಡಕ್ಕೆ ತರಿಸಬೇಕಾದದ್ದು ಯುಕ್ತ.

ಇನ್ನೊಂದು ಎಳೆಯ ತುದಿ ನಮಗೆ ಇನ್ನೂ ಸಮೀಪದ್ದು. ಮರಳೂರಿನಿಂದ ಕುಣಿಗಲ್ಲು, ಹುಲಿಯೂರುದುರ್ಗಗಳ ಮೇಲೆ ಮದ್ದೂರಿಗೆ ಹೋಗಿ ಮೈಸೂರಿನ ದಾರಿ ಹಿಡಿದರೆ ಸಿಕ್ಕುವ ಶ್ರೀರಂಗಪಟ್ಟಣದಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಸೆರೆಯಾಳುಗಳನ್ನಿರಿಸುತ್ತಿದ್ದ ನೆಲಮಾಳಿಗೆಗಳನ್ನು ನೋಡಿ ಬಂದವರು ಅನೇಕರು. 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಕಂಪನಿಯ ಸೈನಿಕರಲ್ಲಿ ಸಮಾಜಿ ಹಸಾಜಿ ದಿವೇಕರ್, ಅಂದರೆ ಸ್ಯಾಮ್ಯುಯೆಲ್ ಎಜಕಿಯೇಲ್, ಮತ್ತು ಆತನ ತಮ್ಮನೂ ಇದ್ದರು. ಕೊಂಕಣದ ಯೆಹೂದ್ಯರಾದ ಬೆನೆ ಇಸ್ರೇಲ್ ಸಮಾಜದವರು ಪರಂಪರೆಯಿಂದ ಹೇಳಿಕೊಂಡು ಬಂದಿರುವ ಕಥೆ ಹೀಗಿದೆ: ನೀವು ಯಾವ ಜನವೆಂದು ಕೇಳಿದಾಗ ಅವರು ‘ಬೆನೆ ಇಸ್ರೇಲ್’ ಎಂದರು; ಅದನ್ನು ಕೇಳಿದ ಸುಲ್ತಾನನ ತಾಯಿ, ಕುರಾನಿನಲ್ಲಿ ಮತ್ತೆ ಮತ್ತೆ ಓದಿದ್ದ ಆ ಜನರನ್ನು ತಾನು ಈ ತನಕ ಕಂಡಿರಲಿಲ್ಲವೆಂದು ಹೇಳಿ ಅವರ ಪ್ರಾಣವನ್ನು ಉಳಿಸಿದಳು. ಕಥೆ ಕಥೆಯೇ ಇರಬಹುದು. ಆದರೂ ಆ ಸಮಾಜದವರು ತಮ್ಮ ಪೂರ್ವಿಕನ ಬಿಡುಗಡೆಯನ್ನು ಕತ್ತಿಗಾಗಲಿ ಹಣಕ್ಕಾಗಲಿ ಕಟ್ಟದೆ, ಪರಧರ್ಮದ ಒಬ್ಬ ಸ್ತ್ರೀಯ ಗ್ರಂಥಪಠನಕ್ಕೆ ಕಟ್ಟಿದರೆಂಬುದು ಗಮನಿಸತಕ್ಕದ್ದು. ಸೆರೆಯಿಂದ ಪಾರಾದ ದಿವೇಕರನು 1796ರಲ್ಲಿ ಮುಂಬಯಿಯಲ್ಲಿ ‘ದಯೆಯ ದ್ವಾರ’ ಎಂಬರ್ಥದ ಶಾರ್ ಹಾರಹಮೀಮ್ ಮಂದಿರವನ್ನು ಕಟ್ಟಿಸಿದನು. ಅದೇ ಮುಂಬಯಿಯ ಮೊದಲನೆಯ ಸಭಾಮಂದಿರ. ಬೆನೆ ಇಸ್ರೇಲರು ತಮ್ಮ ಮಂದಿರವನ್ನು ಮಸೀದಿಯೆಂದೇ ಕರೆಯುತ್ತಿದ್ದರು; ಅದರಿಂದಲೇ ಅಲ್ಲಿನ ರೈಲು ನಿಲ್ದಾಣಕ್ಕೆ ಮಸ್ಜಿದ್ ಎಂಬ ಹೆಸರು ಬಂತೆಂದು ಹೇಳುವರು. ನಿತ್ಯವೂ ಅಲ್ಲಿ ಇಳಿದು ಹತ್ತುವ ಮುಂಬಯಿಯ ಕನ್ನಡಿಗರಲ್ಲಿ ಇದನ್ನು ಬಲ್ಲವರು ವಿರಳ.

ಮಂದಿರ ಕಟ್ಟುವುದಕ್ಕೆ ಮೊದಲು ಆ ಸಮಾಜ ಬಹುಕಾಲ ಗ್ರಂಥವಿಲ್ಲದೆ ಬಾಳಿತ್ತು. ಅಲೀಬಾಗದ ಬಳಿಯ ನವಗಾಂವಿನಲ್ಲಿ ಹಡಗು ಒಡೆದು ದಡ ಸೇರಿದವರ ಸಂತತಿ ತಾವೆಂದು ಅವರ ನಂಬಿಕೆ. ಕೊಂಕಣದ ಹಳ್ಳಿಗಳಲ್ಲಿ ಗಾಣವಾಡಿಸಿಕೊಂಡಿದ್ದು, ಸಬ್ಬತ್ತೆಂಬ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಕಟ್ಟದ ಕಾರಣ ‘ಶನಿವಾರ ತೇಲಿ’ಗಳೆನಿಸಿಕೊಂಡಿದ್ದರು. ಹೀಬ್ರೂ ಮರೆತುಹೋಗಿ, ಪ್ರಾರ್ಥನೆಯಲ್ಲಿ ಒಂದೇ ವಾಕ್ಯ ಉಳಿದಿತ್ತು. ದಾವೀದ್ ರಹಾಬಿ ಎಂಬ ಪಂಡಿತನು ಬಂದು, ಹೆಂಗಸರ ಮುಂದೆ ಬಗೆಬಗೆಯ ಮೀನುಗಳನ್ನಿಟ್ಟು ಅಡಿಗೆ ಮಾಡಿರೆಂದಾಗ, ಅವರು ರೆಕ್ಕೆಯೂ ಹುರುಪೆಯೂ ಇಲ್ಲದ ಮೀನುಗಳನ್ನು ಬದಿಗಿಟ್ಟರಂತೆ. ಶಾಸ್ತ್ರ ಮರೆತಿದ್ದರೂ ಅಡಿಗೆಮನೆ ಮರೆತಿಲ್ಲವೆಂದು ಅರಿತ ಆತನು ಮೂವರನ್ನು ಆರಿಸಿ, ಕಲಿಸಿ, ಕಾಜಿಗಳೆಂಬ ಧರ್ಮಾಧಿಕಾರಿಗಳನ್ನಾಗಿ ಮಾಡಿದನೆಂದು ಐತಿಹ್ಯ. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಚ್ಚಿಯ ಯೆಹೂದ್ಯರು ಬಂದು ಪಾಠ ಹೇಳಿದರು; ಮುಂಬಯಿಯ ಮಿಷನರಿ ಜಾನ್ ವಿಲ್ಸನ್ ತನ್ನ ಶಾಲೆಯಲ್ಲಿ ಹೀಬ್ರೂ ಕಲಿಸಿದನು. ಆತನ ಉದ್ದೇಶ ಮತಾಂತರವಾಗಿತ್ತು, ಫಲ ಮಾತ್ರ ಬೇರೆಯಾಯಿತು: ಹೀಬ್ರೂ ಬಲ್ಲ ಬೆನೆ ಇಸ್ರೇಲರು ತಮ್ಮ ಪ್ರಾರ್ಥನಾಗ್ರಂಥಗಳನ್ನು ಮರಾಠಿಗೆ ತಿರುಗಿಸಿಕೊಂಡು ತಮ್ಮ ಧರ್ಮದಲ್ಲಿಯೇ ದೃಢವಾದರು. 1875ರಲ್ಲಿ ಹಾಯೀಮ್ ಸ್ಯಾಮ್ಯುಯೆಲ್ ಕೇಹಿಮಕರರು ಸ್ಥಾಪಿಸಿದ ಶಾಲೆ ಮುಂದೆ ಸರ್ ಎಲ್ಲಿ ಕಡೂರಿ ಶಾಲೆಯೆಂದು ಹೆಸರಾಯಿತು. 1880ರ ದಶಕದಲ್ಲಿ ಅವರು ಮಹಾರಾಷ್ಟ್ರದ ಕೀರ್ತನಪದ್ಧತಿಯನ್ನು ಕೈಗೊಂಡು ಬೈಬಲ್ಲಿನ ಪುರಾಣಪುರುಷರ ಚರಿತ್ರೆಗಳನ್ನು ಮರಾಠಿ ಪದಗಳಲ್ಲಿ ಹಾಡತೊಡಗಿದರು. ಹರಿಕಥೆ ಕೇಳಿ ಬೆಳೆದ ಗುಬ್ಬಿಯವರು ಆ ಸಭೆಯಲ್ಲಿ ಕುಳಿತಿದ್ದರೆ, ಭಾಷೆ ಬಾರದಿದ್ದರೂ ಎಲ್ಲಿ ತಲೆದೂಗಬೇಕೆಂಬುದು ಅವರಿಗೆ ತಿಳಿಯುತ್ತಿತ್ತು. ಎಲೀಯ ಪ್ರವಾದಿಯ ಹೆಸರಿನಲ್ಲಿ ಹರಕೆ ತೀರಿಸುವಾಗ ಅವರು ಹಂಚುವ ಮಲೀದಾ ಎಂಬುದು ತೆಂಗಿನತುರಿ, ಸಿಹಿ, ಹಣ್ಣುಗಳಿಂದ ಕೂಡಿದ ಅವಲಕ್ಕಿ.

ಅವರಿಗೆ ಪಾಠ ಹೇಳಿದವರ ಊರಾದ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ಅರಸರ ಅರಮನೆಗೆ ಮಗ್ಗುಲಾಗಿ 1568ರಲ್ಲಿ ಕಟ್ಟಿದ ಪರದೇಶಿ ಸಭಾಮಂದಿರವನ್ನು ಪ್ರವಾಸಿಗಳು ಅಲ್ಲಿನ ನೀಲಿ ಬಣ್ಣದ ಚೀಣೀ ಹಾಸುಬಿಲ್ಲೆಗಳಿಗಾಗಿ ಹೊಗಳುತ್ತಾರೆ. ಹೆಚ್ಚು ವಿಶೇಷವಾದದ್ದು ಉಪ್ಪರಿಗೆಯಲ್ಲಿದೆ. ಕೆಳಗೆ ನಡುವಣ ವೇದಿಕೆಯಲ್ಲದೆ, ಮೇಲೆ ಹೆಂಗಸರ ಅಂಕಣದ ಮುಂದೆ ಎರಡನೆಯ ವೇದಿಕೆಯೊಂದನ್ನು ನಿರ್ಮಿಸಿ ಹಬ್ಬಹುಣ್ಣಿಮೆಗಳಲ್ಲಿ ಅಲ್ಲಿಂದ ತೋರಾ ಓದುವುದು ಕೇರಳದ ಮಂದಿರಗಳ ವೈಶಿಷ್ಟ್ಯ. ಆ ಹೆಂಗಸರು ಕೇಳಿ ಸುಮ್ಮನಿದ್ದವರೂ ಅಲ್ಲ: ಬೈಬಲ್ಲಿನ ಕಥೆಗಳನ್ನೂ ಮದುವೆಯ ಹಾಡುಗಳನ್ನೂ ಮಲಯಾಳದಲ್ಲಿ ಕಟ್ಟಿ, ಕೈಬರಹದ ಪುಸ್ತಕಗಳಲ್ಲಿ ಬರೆದಿಟ್ಟು, ತಾಯಿಯಿಂದ ಮಗಳಿಗೆ ಒಪ್ಪಿಸುತ್ತ ಬಂದರು. 1950ರ ದಶಕದಲ್ಲಿ ಬಹುಪಾಲು ಕೊಚ್ಚಿ ಯೆಹೂದ್ಯರು ಇಸ್ರೇಲಿಗೆ ಹೊರಟಾಗ ಆ ಪುಸ್ತಕಗಳೂ ಹೊರಟವು. ಮಟ್ಟಾಂಚೇರಿಯ ಕಡವುಂಭಾಗಂ ಮಂದಿರದ ಮರಗೆಲಸದ ಒಳಾಂಗಣವು ಬಿಡಿಬಿಡಿಯಾಗಿ ಬಿಚ್ಚಿ ಒಯ್ಯಲ್ಪಟ್ಟು ಈಗ ಜೆರುಸಲೇಮಿನ ಇಸ್ರೇಲ್ ವಸ್ತುಸಂಗ್ರಹಾಲಯದಲ್ಲಿ ನಿಂತಿದೆ.

ಬೆಂಗಳೂರಿನ ಕಥೆ ಚಿಕ್ಕದು. ಬಾಗ್ದಾದಿ ಯೆಹೂದ್ಯ ಮನೆತನದ ರೂಬೆನ್ ಮೋಸೆಸ್ ದಂಡಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಸರಾಂತ ಪಾದರಕ್ಷೆಯ ಅಂಗಡಿಯನ್ನು ನಡೆಸಿದವರು. 1904ರಿಂದ ಮೈಸೂರು ರಸ್ತೆಯ ಗೋರಿಪಾಳ್ಯದ ಬಳಿ ಯೆಹೂದ್ಯರ ಸ್ಮಶಾನವಿದೆ. ಹಿಟ್ಲರನ ಕಾಲದಲ್ಲಿ ಜರ್ಮನಿಯನ್ನು ತೊರೆದ ವಾಸ್ತುಶಿಲ್ಪಿ ಓಟೋ ಕೋನಿಗ್ಸ್‌ಬರ್ಗರರನ್ನು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರ ಆಡಳಿತವು 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಿಸಿತು; ಟಾಟಾ ಇನ್‌ಸ್ಟಿಟ್ಯೂಟಿನ ಹಲವು ಕಟ್ಟಡಗಳೂ ಬಸವನಗುಡಿಯ ಕೃಷ್ಣರಾವ್ ಉದ್ಯಾನದ ಮಂಟಪವೂ ಅವರ ಕೃತಿಗಳು. ಊರಿಗೆ ಇಷ್ಟೆಲ್ಲ ಕಟ್ಟಿಕೊಟ್ಟ ಆ ಸಮಾಜ ತನಗೆಂದು ಒಂದು ಮಂದಿರ ಕಟ್ಟಿಕೊಳ್ಳುವಷ್ಟು ಎಂದೂ ದೊಡ್ಡದಾಗಲಿಲ್ಲ.

ಮಟ್ಟಾಂಚೇರಿಯಲ್ಲಿ ಈಗ ಸ್ಥಳದವರಿಂದಲೇ ಹತ್ತರ ಎಣಿಕೆ ತುಂಬುವುದಿಲ್ಲ. ಹಬ್ಬದ ದಿನಗಳಲ್ಲಿ ಪರಸ್ಥಳದಿಂದ ಬಂದ ಯೆಹೂದ್ಯ ಯಾತ್ರಿಕರು ಸೇರಿ ಕೊರತೆಯನ್ನು ತುಂಬಿಸುತ್ತಾರೆ. ನೋಡಬೇಕೆಂಬ ಅಪೇಕ್ಷೆಯುಳ್ಳವರು ಮುಂಬಯಿಗೇ ಹೋಗುವುದು ಲೇಸು. ಅಲ್ಲಿ ಕೆಲವು ಮಂದಿರಗಳಲ್ಲಿ ಇನ್ನೂ ಶನಿವಾರದ ಪಾರಾಯಣ ಕ್ರಮವಾಗಿ ನಡೆಯುತ್ತಿದೆ. ಹೋಗುವವರು ಮುಂಚಿತವಾಗಿ ಆಡಳಿತದವರ ಅನುಮತಿ ಪಡೆದಿರಬೇಕು. ಗಂಡಸರು ತಲೆಯ ಮೇಲೆ ಟೋಪಿಯನ್ನೋ ಕರವಸ್ತ್ರವನ್ನೋ ಧರಿಸಬೇಕು. ಸಬ್ಬತ್ತಿನ ದಿನ ಅಲ್ಲಿ ಬರೆದುಕೊಳ್ಳಬಾರದು, ಚಿತ್ರ ತೆಗೆಯಬಾರದು, ಹಣ ಮುಟ್ಟುವುದೂ ನಿಷಿದ್ಧ. ಕೊಚ್ಚಿಯಲ್ಲಾದರೆ ಪಾದರಕ್ಷೆಯನ್ನು ಹೊರಗೆ ಬಿಡುವುದು ಪದ್ಧತಿ, ಮತ್ತು ಶನಿವಾರ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ, ನಮ್ಮ ನವರಾತ್ರಿಯ ಆಸುಪಾಸಿನಲ್ಲಿ, ತೋರಾದ ಕೊನೆಯ ಅಧ್ಯಾಯ ಮುಗಿದು ಮೊದಲನೆಯದು ಪ್ರಾರಂಭವಾಗುವ ಹಬ್ಬ ಬರುತ್ತದೆ; ಪಂಚಾಂಗ ನೋಡಿಕೊಂಡು ಆ ಸಮಯಕ್ಕೆ ಹೋದವರಿಗೆ ನೋಡುವುದಕ್ಕೂ ಕೇಳುವುದಕ್ಕೂ ಹೆಚ್ಚು ಸಿಕ್ಕುತ್ತದೆ.